ವಾಹಿನಿಯ ಹಕ್ಕಿ

ಊರಿನ ಟಿವಿ ವಾಹಿನಿಗೆ ಇಪ್ಪತ್ತೈದು ತುಂಬಿದ ದಿನ ಅದರ ಐದನೆಯ ಲೋಗೋ ಬಿಡುಗಡೆಯಾಯಿತು. ಬಣ್ಣ ಬದಲಾಗಿತ್ತು, ಅಕ್ಷರಗಳೂ ಬದಲಾಗಿದ್ದವು. ರೆಕ್ಕೆ ಎತ್ತಿದ ಹಕ್ಕಿ ಮಾತ್ರ ಮೊದಲಿನದೇ.

"ಆ ಹಕ್ಕಿ ಬರೆದ ಕೈ ಇದು!" ಎಂದು ಮಾಲೀಕರು ವೇದಿಕೆಯ ಮೇಲೆ ಸಂಪಾದಕ ಶೇಷಗಿರಿಯ ಕೈಯನ್ನು ಎತ್ತಿ ಹಿಡಿದರು. ಜನ ಚಪ್ಪಾಳೆ ತಟ್ಟಿದರು. ಶೇಷಗಿರಿ ತಲೆ ತಗ್ಗಿಸಿದ. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಹಕ್ಕಿಯನ್ನು ಬರೆದವನು ಬಸ್ ನಿಲ್ದಾಣದ ಬಳಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕಾಳಪ್ಪ. ವಾಹಿನಿಯ ಮೊದಲ ಲೋಗೋಗೆ ಸ್ಪರ್ಧೆ ಇಟ್ಟಾಗ, ತಲುಪಿಸಿ ಬಾ ಎಂದು ಅವನು ನಂಬಿ ಕೊಟ್ಟ ಹಾಳೆಯ ಕೆಳಗೆ ಶೇಷಗಿರಿ ತನ್ನ ಹೆಸರು ಬರೆದುಕೊಂಡಿದ್ದ. ಆ ಗೆಲುವಿನಿಂದಲೇ ಇಲ್ಲಿ ಕೆಲಸ ಸಿಕ್ಕಿತ್ತು. ಕಾಳಪ್ಪ ಒಂದು ದಿನವೂ ಕೇಳಲು ಬರಲಿಲ್ಲ. ಹೋದ ವರ್ಷ ತೀರಿಕೊಂಡ.

ಸಭೆ ಮುಗಿದ ಮೇಲೆ, ಹೊಸ ಲೋಗೋ ಸಿದ್ಧಪಡಿಸಿದ ಹುಡುಗಿ ಬಂದು ಶೇಷಗಿರಿಯ ಕಾಲು ಮುಟ್ಟಿದಳು.

"ನಾ ಪೇಂಟರ್ ಕಾಳಪ್ಪನವರ ಮಗಳ್ರೀ ಸರ್."

ಶೇಷಗಿರಿ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡ.

"ನಿಮ್ಮಪ್ಪ ಈ ಹಕ್ಕಿ ಬಗ್ಗೆ ಏನರ ಹೇಳ್ಯಾರೇನವಾ?"

"ದಿನಾ ಹೇಳ್ತಿದ್ರು ಸರ್."

ಮಾಲೀಕರು ನಾಲ್ಕು ಹೆಜ್ಜೆ ಆಚೆಗೇ ನಿಂತಿದ್ದರು. ಇವಳು ಹೇಳುವ ಮೊದಲು ತಾನೇ ತಪ್ಪೊಪ್ಪಿಕೊಳ್ಳೋಣವೆಂದು ಶೇಷಗಿರಿ ಬಾಯಿ ತೆರೆದ.

ಅಷ್ಟರಲ್ಲಿ ಹುಡುಗಿ ಕಣ್ಣೊರೆಸಿಕೊಂಡಳು. "ಟಿವಿಯೊಳಗ ಅದು ಬಂದಾಗೆಲ್ಲ ನನ್ನ ಕರದು, 'ಶೇಷಗಿರಿಯವರು ಎಷ್ಟು ಚಂದ ಬರದಾರ ನೋಡು, ನೀನೂ ಹಂಗ ಬರೀಬೇಕು' ಅಂತಿದ್ರು."