ಶುರುವಾಗದ ಕರೆ

ಅತ್ತೆ ಮತ್ತೆ ಮೂಗು ಮುರಿದಳು. 'ಒಳಗೆ ಬಿಡಲಾಗದು' ಎಂಬ ಸಾಲು ಪರದೆಯ ಮೇಲೆ ಕೆಂಪಗೆ ಮೂಡಿತು. ತಂಗಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು.

ಈ ಅತ್ತೆ ಹೆಂಗಸಲ್ಲ. ಆಂಬುಲೆನ್ಸ್ ಬೇಕೆಂದು ಬರುವ ಕರೆಗಳನ್ನೆಲ್ಲ ಹಂಚುವ ಕಂಪ್ಯೂಟರಿನ ಒಳಮನೆಗೆ, ಅಂದರೆ ಕರ್ನೆಲ್‌ಗೆ, ನಾವು ಬರೆದ ಪುಟ್ಟ ಪ್ರೋಗ್ರಾಮನ್ನು ಅದು ಓಡುತ್ತಿರುವಾಗಲೇ ಸೇರಿಸಬಹುದು. ಆದರೆ ಬಾಗಿಲಲ್ಲೇ ಒಂದು ತಪಾಸಕ ಕೂತಿರುತ್ತದೆ. ಈ ಪ್ರೋಗ್ರಾಮು ಎಲ್ಲಾದರೂ ಮುಗಿಯುತ್ತದೋ, ತನ್ನದಲ್ಲದ ಜಾಗಕ್ಕೆ ಕೈ ಹಾಕುತ್ತದೋ, ಇಲ್ಲದ್ದನ್ನು ಇದೆಯೆಂದು ನಂಬಿ ಮುಗ್ಗರಿಸುತ್ತದೋ ಎಂದು ಒಂದೊಂದು ಸಾಲನ್ನೂ ಜಾಲಾಡುತ್ತದೆ. ಬರೆದವರ ಹುದ್ದೆ, ಆಣೆ, ಪ್ರಮಾಣ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವ ಆ ಗುಣಕ್ಕಾಗಿಯೇ ತಂಗಿ ಅದಕ್ಕೆ ಅತ್ತೆಯೆಂದು ಹೆಸರಿಟ್ಟಿದ್ದಳು. ಮನೆಯಲ್ಲಿರುವ ನಿಜವಾದ ಅತ್ತೆ, ಪಾಪ, ಬಾಯಿ ಸತ್ತವರು.

ಬೇರೆ ದಿನವಾಗಿದ್ದರೆ ತಂಗಿ ನಕ್ಕು ಸುಮ್ಮನಾಗುತ್ತಿದ್ದಳು. ಇವತ್ತು, ಇಲ್ಲೇ ಕರೆ ಎತ್ತುವ ಅಕ್ಕನ ಕೆಲಸಕ್ಕೇ ಸಂಚಕಾರ ಬಂದಿತ್ತು. ಹೋದ ವಾರ ಒಬ್ಬ ಬಡಗಿ, ಹೆಂಡತಿಗೆ ಎದೆನೋವೆಂದು, ತನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದ ಆಂಬುಲೆನ್ಸ್ ನಂಬರು ನೋಡಿ ಅಲ್ಲಿನ ತಂತಿ ಫೋನಿನಿಂದ ಕರೆ ಮಾಡಿದ್ದ. ಎಷ್ಟು ರಿಂಗಾದರೂ ಯಾರೂ ಎತ್ತಲಿಲ್ಲವಂತೆ. ಹಲಗೆ ಸಾಗಿಸುವ ಗಾಡಿಯಲ್ಲೇ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ. ಹೆಂಡತಿ ಉಳಿದುಕೊಂಡಳು, ಅವನ ಸಿಟ್ಟು ಮಾತ್ರ ಆರಲಿಲ್ಲ. ಆ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವಳು ಅಕ್ಕ ಒಬ್ಬಳೇ. ಎತ್ತಿದ ಕರೆ ಮಾತ್ರ ದಾಖಲಾಗುವ ಏರ್ಪಾಡು. ಎತ್ತದೇ ಹೋದದ್ದಕ್ಕೆ ಸಾಕ್ಷಿಯಿಲ್ಲ. ಅವಳನ್ನು ಕೆಲಸದಲ್ಲಿ ಉಳಿಸುವುದೋ ಬೇಡವೋ ಎಂದು ಇವತ್ತು ಸಂಜೆಗೆ ತೀರ್ಮಾನವಾಗಬೇಕಿತ್ತು.

"ಬಂದಿದ್ರೆ ಎತ್ತಿರ್ತಿದ್ದೆ ಕಣೇ," ಎಂದಷ್ಟೇ ಅಕ್ಕ ಹೇಳಿದ್ದಳು. ತಂಗಿ ಹೂಂಗುಟ್ಟಿದ್ದಳು. ಮಗುವಿಗೆ ಜ್ವರವೆಂದು ಆ ವಾರವೆಲ್ಲ ಅಕ್ಕ ನಿದ್ದೆಗೆಟ್ಟಿದ್ದಳು. ಕೂತಲ್ಲೇ ಒಂದು ಗಳಿಗೆ ತೂಕಡಿಸಿದ್ದರೆ? ಹಾಗೆಂದುಕೊಂಡದ್ದಕ್ಕೆ ತಂಗಿಗೆ ನಾಚಿಕೆಯೂ ಆಗಿತ್ತು.

ಮೇಲ್ವಿಚಾರಕರು ಬಂದು ಹಿಂದೆ ನಿಂತರು. "ನೋಡಮ್ಮಾ, ಈ ಯಂತ್ರ ಒಂದು ಕ್ಷಣ ಮಲಗಿದ್ರೂ ಊರಿನ ಗಾಡಿಗಳೆಲ್ಲ ಮಲಗ್ತವೆ. ಆ ತಪಾಸಣೆ ದಾಟಿದ್ರೆ ಮಾತ್ರ ಒಳಗೆ ಹಾಕು. ಇನ್ನೊಂದು ವಿಷಯ, ನೀನು ಅವಳ ತಂಗಿ. ನಾನು ನಿನ್ನ ನಂಬ್ತೀನಿ, ಮೇಲಿನವರು ನಂಬಲ್ಲ. ಆ ತಪಾಸಕ ಆದ್ರೆ ಯಾರ ನೆಂಟನೂ ಅಲ್ಲ."

ತಂಗಿಯ ಪ್ರೋಗ್ರಾಮು ಮಾಡಬೇಕಿದ್ದದ್ದು ಇಷ್ಟೇ: ಕರೆ ಶುರುವಾದಾಗ ಒಂದು ಗುರುತು ಹಾಕುವುದು, ಮುಗಿದಾಗ ಆ ಗುರುತನ್ನು ಹುಡುಕಿ ತೆಗೆದು, ಎಷ್ಟು ಹೊತ್ತು ರಿಂಗಾಯಿತು, ಯಾರಾದರೂ ಎತ್ತಿದರೋ ಇಲ್ಲವೋ ಎಂದು ಹೇಳುವುದು. ಅತ್ತೆಯ ತಕರಾರೂ ಒಂದೇ: ಹುಡುಕಿದ ಗುರುತು ಸಿಗದೇ ಹೋದರೆ?

"ಸಿಗದೆ ಎಲ್ಲಿ ಹೋಗುತ್ತೆ? ಶುರುವಾಗದ ಕರೆ ಮುಗಿಯೋದಾದ್ರೂ ಹೇಗೆ?" ತಂಗಿ ಪರದೆಯ ಮೇಲೆ ರೇಗಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿ ಅಂತಿದೆ ಇದು!"

ಚಹಾ ಹಿಡಿದು ಬಂದಿದ್ದ ಅಕ್ಕ ಲೋಟವನ್ನು ಅವಳ ಕೈಗಿತ್ತಳು. "ಅತ್ತೆಗೆ ಎದುರುತ್ತರ ಯಾಕೆ? ಹೊಲಿದು ಕೊಟ್ಬಿಡು. ನಿನ್ನ ಗಂಟೇನು ಹೋಗುತ್ತೆ?"

'ಸಿಗದಿದ್ದರೆ ಸುಮ್ಮನೆ ಹಿಂತಿರುಗು' ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಹಟಕ್ಕೆ ಬಿದ್ದ ತಂಗಿ, 'ಸಿಗದಿದ್ದರೆ ಒಂದು ಎಣಿಸು, ಯಾವ ಫೋನ್ ತಂತಿಯದೆಂದೂ ತೋರಿಸು' ಎಂದು ಬರೆದಳು. ಎಣಿಕೆ ಸೊನ್ನೆಯಲ್ಲೇ ನಿಲ್ಲುತ್ತದೆ, ಸಂಜೆ ಆ ಸೊನ್ನೆಯನ್ನು ಅತ್ತೆಯ ಮುಖಕ್ಕೆ ಹಿಡಿಯಬೇಕೆಂದು ಅವಳ ಆಸೆ. ಅತ್ತೆ ತುಟಿಪಿಟಿಕ್ಕೆನ್ನದೆ ಒಪ್ಪಿದಳು. ಯಂತ್ರ ಒಮ್ಮೆಯೂ ತಡವರಿಸಲಿಲ್ಲ.

ಕರೆಗಳು ಬಂದವು, ಹೋದವು. ಅಕ್ಕ ಒಂದನ್ನೂ ಬಿಡದೆ ಎತ್ತುತ್ತಿದ್ದಳು. "ನೋಡ್ತಿದ್ದೀವಿ ಅಂತ ಗೊತ್ತಿದ್ರೆ ಯಾರಾದ್ರೂ ಎತ್ತುತ್ತಾರೆ," ಎಂದು ಮೇಲ್ವಿಚಾರಕರು ಗೊಣಗಿದರು. ಆ ಮಾತು ಮುಗಿಯುವಷ್ಟರಲ್ಲಿ ಸೊನ್ನೆ ಒಂದಾಯಿತು. ಊಟದ ಹೊತ್ತಿಗೆ ಎರಡಾಯಿತು. ಎರಡೂ ಒಂದೇ ತಂತಿಯವು.

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಹಳೇ ನಂಬರಿಂದು. ಇದನ್ನ ಮುಚ್ಚಿ ವರ್ಷಗಳಾದ್ವಲ್ಲ! ಮುಚ್ಚಿ ಅಂತ ಹೇಳಿದವನೇ ನಾನು."

ಮುಚ್ಚಿದ್ದರು ನಿಜ, ಒಂದು ಕಡೆ ಮಾತ್ರ. ಹೆಡ್‌ಫೋನಿನ ಕಡೆ ಕಿತ್ತಿದ್ದರು, ಬೀದಿಯ ಕಡೆ ಹಾಗೇ ಬಿಟ್ಟಿದ್ದರು. ಆ ನಂಬರಿಗೆ ಕರೆ ಮಾಡಿದವರ ಕಿವಿಯಲ್ಲಿ ರಿಂಗಾಗುತ್ತಿತ್ತು, ಇಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ, ಶುರುವಿನ ಗುರುತೂ ಬೀಳುತ್ತಿರಲಿಲ್ಲ. ಅವರು ಬೇಸತ್ತು ಫೋನಿಟ್ಟಾಗ ಆ ಮುಕ್ತಾಯ ಮಾತ್ರ ಎಲ್ಲ ಕರೆಗಳ ದಾರಿಯಲ್ಲೇ ಹಾದುಹೋಗುತ್ತಿತ್ತು. ಬಡಗಿಯನ್ನು ಕೇಳಿದರೆ, ಅವನ ಅಂಗಡಿಯ ಗೋಡೆಯ ಮೇಲೆ ಇದ್ದದ್ದೂ ಆ ನಂಬರೇ.

"ಅಕ್ಕಾ, ಬಾರೇ ಇಲ್ಲಿ!" ತಂಗಿ ಕೂಗಿದಳು. "ನಿಂದೇನೂ ತಪ್ಪಿಲ್ಲ. ನಿನಗೆ ಆ ಕರೆ ಬಂದೇ ಇಲ್ಲ!"

ಅಕ್ಕ ಹೆಡ್‌ಫೋನನ್ನು ಕುತ್ತಿಗೆಗಿಳಿಸಿಕೊಂಡು ಬಂದಳು. ಮೇಲ್ವಿಚಾರಕರು ಎಲ್ಲವನ್ನೂ ವಿವರಿಸಿ, ಸಂಜೆಯ ಮಾತು ಮರೆತುಬಿಡಮ್ಮ ಎಂದರು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣೆದುರೇ ಎರಡು ಮೂರಾಯಿತು.

"ಅಂದ್ರೆ ಈಗ ತಾನೇ ಯಾರೋ ಫೋನ್ ಇಟ್ಬಿಟ್ರು," ಎಂದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಯಾರು ಅಂತ ಹೇಳುತ್ತಾ ಇದು?"

ತಂಗಿ ಅದನ್ನು ಬರೆದಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ.