ಎಲೆ ಯಾಕೆ ಹಸಿರು?

ಆ ಬೆಳಗ್ಗೆ ಗಾಳಿಗೆ ಹುಚ್ಚು ಹಿಡಿದಿತ್ತು. ಕಾಲೇಜಿನ ಕಿಟಕಿಗಳೆಲ್ಲ ತಾವಾಗಿಯೇ ತೆರೆದು ಮುಚ್ಚಿ ಚಪ್ಪಾಳೆ ಹೊಡೆಯುತ್ತಿದ್ದವು. ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ನಡುವೆ ಮೇಷ್ಟ್ರು. ಜವಾನ ಇಣುಕಿ ನೋಡಿ, "ಎಲ್ಲರೂ ಬಂದಿದ್ದೀರಲ್ಲ, ಸರಿ," ಎಂದು ಬಾಗಿಲು ಎಳೆದುಕೊಂಡ.

ಸಸ್ಯಶಾಸ್ತ್ರ ವಿಭಾಗದಲ್ಲಿ ಖಾಯಂ ಹುದ್ದೆ ಒಂದೇ ಒಂದು. ಸಂದರ್ಶನಕ್ಕೆ ಕರೆ ಬಂದದ್ದು ಮೂವರಿಗೆ. ಇದು ತಪ್ಪಿದರೆ ಮತ್ತೆ ಯಾವಾಗಲೋ, ಆ ಭಗವಂತನೇ ಬಲ್ಲ.

ಹುಡುಗ ಹುಡುಗಿ ಇಬ್ಬರೂ ಹೊಸದಾಗಿ ಡಾಕ್ಟರೇಟ್ ಪಡೆದವರು. ಪ್ರಬಂಧದ ಮೇಲಿನ ಮಾರ್ಗದರ್ಶಕರ ಹೆಸರು ದೊಡ್ಡ ಪ್ರೊಫೆಸರರದ್ದು. ಸಾಲು ಸಾಲು ತಿದ್ದಿ ತೀಡಿದವರು ಮೇಷ್ಟ್ರು. ಹುಡುಗಿಯನ್ನು ಪರದೇಶದ ಪ್ರಯೋಗಾಲಯವೊಂದು ಎರಡು ವರ್ಷಕ್ಕೆ ಕರೆದಿತ್ತು. ಆಮೇಲೆ ಅವಳ ದಾರಿ ಅವಳಿಗೆ. ಹುಡುಗನಿಗೆ ಅದೂ ಇಲ್ಲ.

"ಹೊರದೇಶದವರು ಬಹಳ ಒಳ್ಳೆಯವರು ಸಾರ್. ಅರ್ಜಿ ಹಾಕಿದ್ರೆ ಕೆಲಸ ಇಲ್ಲ ಅಂತಾರೆ, ಶುಭವಾಗಲಿ ಅಂತ ಹರಸ್ತಾರೆ. ನನ್ನಷ್ಟು ಆಶೀರ್ವಾದ ಪಡೆದವನು ಯಾರಿದಾನೆ!" ಎನ್ನುತ್ತಿದ್ದ ಅವನು.

ವಾರವಿಡೀ ಮೇಷ್ಟ್ರು ಇಬ್ಬರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿ ಹದಮಾಡಿದ್ದರು. ಈಗ ಕಣ್ಣು ಮುಚ್ಚಿ, ಇಬ್ಬರಲ್ಲಿ ಒಬ್ಬರಿಗಾದರೂ ದಾರಿ ತೋರು ತಂದೆ ಎಂದು ಬೇಡಿಕೊಂಡರು. ಇವರಿಬ್ಬರಾದರೋ ಬೆಳಗ್ಗೆಯಿಂದ ಕಣ್ಣಲ್ಲೇ ಮಾತಾಡಿಕೊಂಡು ನಗುತ್ತಿದ್ದಾರೆ. ಏನೋ ಮಸಲತ್ತು ನಡೆದಿದೆ.

ಹುಡುಗಿ ಮೊದಲು ಒಳಗೆ ಹೋದಳು. ಹೋದಷ್ಟೇ ಬೇಗ ಬಾಯಿಗೆ ಕೈ ಅಡ್ಡ ಹಿಡಿದು ಹೊರಬಂದಳು.

"ಏನು ಕೇಳಿದ್ರಮ್ಮ?"

"ಎಲೆ ಯಾಕೆ ಹಸಿರು ಅಂತ. ಅಷ್ಟಾಗಿ ಗಮನಿಸಿಲ್ಲ ಅಂದೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಹುಡುಗನೂ ಒಳಗೆ ಹೋಗಿ ಹಲ್ಲು ಕಿಸಿಯುತ್ತ ಬಂದ.

"ನಿನ್ನ ಕಥೆ ಏನೋ?"

"ಬೇರಿನ ಕೆಲಸ ಏನು ಅಂದ್ರು. ನನಗೇ ಕೆಲಸ ಇಲ್ಲ, ಬೇರಿನ ಸುದ್ದಿ ನನಗ್ಯಾಕೆ ಅಂದೆ."

ಹುಡುಗಿ ಬೆಂಚು ತಟ್ಟಿ ನಕ್ಕಳು. "ಲೋ ಗೂಬೆ, ನನಗಿಂತ ನೀನೇ ಚೆನ್ನಾಗಿ ಕೆಡಿಸಿದೆಯಲ್ಲೋ!"

ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ಅವನಿಗಾಗಲಿ ಎಂದು ಇವಳು, ಇವಳಿಗಾಗಲಿ ಎಂದು ಅವನು!

"ಪ್ರೀತಿ ಮಾಡ್ರೋ, ಬೇಡ ಅನ್ನಲ್ಲ. ಆದ್ರೆ ಇಬ್ಬರೂ ಬಿಟ್ಟುಕೊಟ್ರೆ ಇಬ್ಬರೂ ಉಪವಾಸ ಅಲ್ವೇನ್ರೋ?"

"ಇವಳನ್ನಾ? ಅಯ್ಯೋ ದೇವ್ರೇ!" ಎಂದ ಹುಡುಗ.

"ಈ ಗೂಬೆನಾ?" ಎಂದು ಹುಡುಗಿ ಕಿರುಚಿದಳು. ಬೆಂಚು ಅಲುಗಾಡುವಂತೆ ಇಬ್ಬರೂ ನಕ್ಕರು.

ಬಾಗಿಲು ತೆರೆಯಿತು. "ಮೂರನೆಯವರು ಬನ್ನಿ," ಎಂದ ಜವಾನ.

ನಗು ನಿಂತಿತು. ಹುಡುಗಿ ಮೆಲ್ಲಗೆ ಹೇಳಿದಳು: "ಹೋಗಿ ಸಾರ್. ನಿಮ್ಮದನ್ನ ನೀವು ತಗೊಳ್ಳಿ."

ತಲೆ ನರೆಯುವ ತನಕ ಅದೇ ವಿಭಾಗದಲ್ಲಿ ತಾತ್ಕಾಲಿಕವಾಗಿಯೇ ಪಾಠ ಹೇಳಿ, ತಾನೂ ಲೆಕ್ಕಕ್ಕಿದ್ದೇನೆಂಬುದನ್ನೇ ಮರೆತುಬಿಟ್ಟಿದ್ದ ಮೂರನೆಯ ಅಭ್ಯರ್ಥಿ, ಮೇಷ್ಟ್ರು, ಎದ್ದು ನಿಂತರು.