ಬಾರದ ಬೋಲ್ಟು

ಕಣ್ಣು ಮಬ್ಬಾಗುತ್ತಾ ಬಂದರೂ ಮಾವ ಕಾರು ಓಡಿಸುವುದನ್ನು ಬಿಟ್ಟಿರಲಿಲ್ಲ. ಹೇಳಿದರೆ ಸಿಡುಕುತ್ತಿದ್ದರು. ಹೋದ ವಾರ ಎಂಜಿನ್ನಿನ ಬೆಲ್ಟು ಹರಿದು ಕಾರು ಮನೆಯ ಮುಂದೆ ನಿಂತಾಗ, ಹೊಸ ಬೆಲ್ಟು ಹಾಕಲು ಬಿಚ್ಚಬೇಕಾದ ಬೋಲ್ಟಿಗೆ ಅಳಿಯ ಕದ್ದು ಅಂಟು ಸುರಿದುಬಿಟ್ಟ. ಉಪಾಯ ಹೇಳಿಕೊಟ್ಟವಳು ಅವನ ಹೆಂಡತಿ, ಮಾವನ ಒಬ್ಬಳೇ ಮಗಳು.

ಈಗ ಅವನೇ ಟಾರ್ಚು ಹಿಡಿದು ನಿಂತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಾವ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು, ಬಾನೆಟ್ಟಿನೊಳಗೆ ಬಗ್ಗಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಿದ್ದರು. ಬೆವರಿಗೆ ಬನಿಯನ್ನು ಬೆನ್ನಿಗೆ ಅಂಟಿತ್ತು. ಒಮ್ಮೆ ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ತರಚಿತು. ಬಾಗಿಲಿಗೆ ಬಂದಿದ್ದ ಮಗಳು ಅಪ್ಪನ ಕೈ ನೋಡಿ ಒಳಗೆ ಹೋದಳು.

"ಸಾಕು ಬಿಡಿ ಮಾವ, ರಕ್ತ ಬರ್ತಿದೆ."

"ಇನ್ನೊಂದು ಸ್ವಲ್ಪ, ಅಳಿಯಂದ್ರೇ. ಬೆಳಕು ಸರಿಯಾಗಿ ಹಿಡೀರಿ."

ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ.

"ಅದು ಬರಲ್ಲ ಮಾವ. ನಾನೇ ಅದಕ್ಕೆ ಅಂಟು ಹಾಕಿದ್ದೀನಿ. ನೀವು ಕಾರು ಮುಟ್ಟಬಾರದು ಅಂತ. ತಪ್ಪಾಯ್ತು."

ಮಾವ ತಲೆ ಎತ್ತಲಿಲ್ಲ.

"ನಿಮ್ಮ ಅಂಟು ಮೊದಲ ಏಟಿಗೇ ಬಿಟ್ಕೊಂಡ್ತು."

"ಮತ್ತೆ ಇಷ್ಟೊತ್ತು ನೀವು ಮಾಡ್ತಿರೋದು?"

"ಬಿಗಿ ಮಾಡ್ತಿದ್ದೀನಿ," ಎಂದರು ಮಾವ. "ಹೋದ ವಾರ ಸ್ಕೂಲ್ ಮುಂದೆ ಒಂದು ಮಗು ಅಡ್ಡ ಬಂದಿದ್ದು, ಅವರಮ್ಮ ಕಿರುಚೋವರೆಗೂ ನನಗೆ ಕಾಣ್ಲೇ ಇಲ್ಲ."